ಮಡಿಯ ಬರ್ಫು

ನಮ್ಮ ಮನೆಗೆ ಫ್ರಿಜ್ ಬಂದ ದಿನವೇ ನಮ್ಮ ಅತ್ತೆಯೂ ಕಮಲಾಪುರದಿಂದ ಬಂದಿಳಿದರು. ಫ್ರಿಜ್ ನೋಡಲಿಕ್ಕೆ ಬಂದವರಲ್ಲ. ಮಗನಿಗೆ ತಮ್ಮ ಹಿತ್ತಲಿನ ಕೆಂಪು ಬಾಳೆಹಣ್ಣು ಕೊಟ್ಟು, ಸಂಜೆಯ ಬಸ್ಸಿಗೆ ತಿರುಗಿ ಹೋಗುವವರು. ಜೇವರ್ಗಿ ಕಾಲೋನಿಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಬಿಳಿ ಕಪಾಟೊಂದು ಗುಂಯ್ ಎನ್ನುತ್ತಿರುವುದನ್ನು ಕಂಡು ಹೊಸ್ತಿಲಾಚೆಯೇ ನಿಂತುಬಿಟ್ಟರು.

"ಏನಿದು, ತಾನ ಮಾತಾಡ್ಲಿಕತ್ತದ?"

"ಫ್ರಿಜ್ ಅತ್ಯಾ. ತಣ್ಣಗ ಇಡ್ತದ."

"ಯಾರನ್ನ?"

ನಮ್ಮವರು ನಕ್ಕು ಬಾಗಿಲು ತೆಗೆದು ತೋರಿಸಿದರು. ಹಾಲು, ಮೊಸರು, ಕಾಯಿಪಲ್ಲೆ ಯಾವುದೂ ಇನ್ನು ಕೆಡುವುದಿಲ್ಲವೆಂದರು. ಅತ್ತೆ ಸೆರಗನ್ನು ಮೈಗೆ ಬಿಗಿದುಕೊಂಡು, ಎಲ್ಲಿಯೂ ತಾಗದ ಹಾಗೆ ಬಗ್ಗಿ ಒಳಗೆ ನೋಡಿದರು. ಅವರ ಕಣ್ಣು ಹಾಲಿನ ಮೇಲೂ ನಿಲ್ಲಲಿಲ್ಲ, ಕಾಯಿಪಲ್ಲೆಯ ಮೇಲೂ ನಿಲ್ಲಲಿಲ್ಲ. ಬಾಗಿಲಿನ ಒಳಮೈಯಲ್ಲಿ ಸಾಲಾಗಿ ಇದ್ದ ಗುಂಡನೆಯ ಕುಳಿಗಳ ಮೇಲೆ ನಿಂತಿತು.

"ಇವೇನು?"

"ನಿಂಬಿಹಣ್ಣು ಇಡ್ಲಿಕ್ಕೆ ಅವ್ವಾ," ಎಂದರು ನಮ್ಮವರು, ಭಾರೀ ಕ್ವಿಕ್ಕಾಗಿ.

"ನಿಂಬಿಹಣ್ಣಿಗೆ ಇಷ್ಟು ಮರ್ಯಾದೀನ? ಒಂದೊಂದಕ್ಕ ಒಂದೊಂದು ಪೀಠ!" ಅತ್ತೆ ನೆಟ್ಟಗಾದರು. "ತತ್ತಿ ಇಡೋ ಜಾಗಾ ಅದು. ನಾ ಕುರುಡಿ ಅಲ್ಲಪಾ."

ನಮ್ಮ ಮನೆಯಲ್ಲಿ ಮೊಟ್ಟೆ ಯಾವತ್ತೂ ಬಂದದ್ದಿಲ್ಲ. ಆ ಕುಳಿಗಳಲ್ಲಿ ನಾನು ಕಡೆಯವರೆಗೂ ನಿಂಬೆಹಣ್ಣನ್ನೇ ಇಟ್ಟೆ. ಆದರೆ ಕುಳಿ ಇದ್ದದ್ದೇ ಸಾಕಾಯಿತು. ಅವತ್ತಿನಿಂದ ಅತ್ತೆಯ ಮಟ್ಟಿಗೆ ಫ್ರಿಜ್ ಮೈಲಿಗೆ. ಅದರೊಳಗಿನ ಹಾಲು ಮೈಲಿಗೆ, ನೀರು ಮೈಲಿಗೆ, ಅದರ ಗಾಳಿ ಸೋಕಿದ ತುಳಸಿ ಎಲೆಯೂ ದೇವರ ತಲೆಗೆ ಏರುವ ಹಾಗಿಲ್ಲ. ಅವರು ಬಂದಾಗಲೆಲ್ಲ ಪಡಸಾಲೆಯ ಆ ಮೂಲೆಯನ್ನು ಬಿಟ್ಟು, ಗೋಡೆಯ ಪಕ್ಕದಿಂದ ಅಡುಗೆಮನೆಗೆ ಹೋಗುತ್ತಿದ್ದರು.

ಆಗ ಎಂಬತ್ತರ ದಶಕ. ಊರಿಗೆ ಎಲ್ಲರೂ ಗುಲ್ಬರ್ಗಾ ಎನ್ನುತ್ತಿದ್ದರು. ಬೇಸಿಗೆಯ ಮಧ್ಯಾಹ್ನ ನಲ್ಲಿಯ ನೀರಿನಲ್ಲೇ ಚಹಾ ಮಾಡಬಹುದೇನೋ ಅನ್ನಿಸುವ ಊರು. ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿ, ಫ್ರಾಕ್ ತೆಗೆದಿಟ್ಟು, ಒಂಬತ್ತು ಗಜದ ಸೀರೆಯ ಮನೆಗೆ ಸೊಸೆಯಾಗಿ ಬಂದವಳು ನಾನು. ಆ ಬಿಳಿ ಪೆಟ್ಟಿಗೆಯ ಮೇಲೆ ನನಗೊಂದು ಸಿಲ್ಲಿ ಪ್ರೀತಿ ಇತ್ತು. ಈ ಮನೆಯಲ್ಲಿ ನನ್ನ ಭಾಷೆ ಬಲ್ಲ ಒಂದೇ ಒಂದು ವಸ್ತು ಅದು ಅನ್ನಿಸುತ್ತಿತ್ತು.

ಅವತ್ತು ಅತ್ತೆ ಹೋದ ಮೇಲೆ ನಾನು ಮಾಡಿದ್ದೇನೆಂದರೆ, ಅವರು ತಂದ ಬಾಳೆಹಣ್ಣಿನಲ್ಲಿ ಅರ್ಧವನ್ನು ಫ್ರಿಜ್ಜಿನಲ್ಲಿ ಇಟ್ಟೆ. ಕಮಲಾಪುರದ ಕೆಂಪು ಬಾಳೆ ಮಾಗಲಿಕ್ಕೆ ಪುರುಸೊತ್ತು ಬೇಡುವ ಹಣ್ಣು. ಹೊರಗಿಟ್ಟವು ನಿಧಾನವಾಗಿ ಮೆತ್ತಗಾಗಿ, ಮನೆಯೆಲ್ಲ ಘಮ್ ಎಂದವು. ಒಳಗಿಟ್ಟವು ದಿನದಿನಕ್ಕೆ ಕಪ್ಪಾದವು. ಹೊರತೆಗೆದು ಎಷ್ಟು ಕಾದರೂ ಮಾಗಲಿಲ್ಲ. ಸಿಪ್ಪೆ ಸುಟ್ಟ ತೊಗಲಿನಂತೆ, ಒಳಗೆ ಗಟ್ಟಿ, ರುಚಿ ಇಲ್ಲ. ಹಸುವಿಗೆಂದು ತೆಗೆದಿಟ್ಟದ್ದನ್ನು ಮುಂದಿನ ಸಲ ಬಂದ ಅತ್ತೆ ನೋಡಿಬಿಟ್ಟರು.

"ಹಣ್ಣು ಸುಟ್ಟೀಯಲ್ಲ ಹುಡುಗೀ!"

"ಸುಟ್ಟಿಲ್ಲ ಅತ್ಯಾ, ಥಂಡಿಗೆ ಹಂಗಾಗ್ಯಾವ."

"ಥಂಡೀ ಸುಡ್ತದೇನು?"

ನನಗೆ ಆಗ ನಮ್ಮ ಸೈನ್ಸ್ ಸಿಸ್ಟರ್ ನೆನಪಾದರು. ಒಂದು ದಿನ ಅವರು ನಮ್ಮೆಲ್ಲರ ಮುಂಗೈಯ ಮೇಲೆ ಒಂದೊಂದು ತೊಟ್ಟು ಈಥರ್ ಬಿಟ್ಟಿದ್ದರು. ತೊಟ್ಟು ಆವಿಯಾಗಿ ಹಾರುವಾಗ ಚರ್ಮ ಜುಮ್ಮೆಂದು ತಣ್ಣಗಾಯಿತು. "ದೇರ್ ಈಸ್ ನೋ ಸಚ್ ಥಿಂಗ್ ಆ್ಯಸ್ ಕೋಲ್ಡ್, ಗರ್ಲ್ಸ್," ಎಂದಿದ್ದರು. ಶೀತ ಎನ್ನುವುದೊಂದು ವಸ್ತುವೇ ಅಲ್ಲ. ಇರುವುದು ಶಾಖ ಮಾತ್ರ, ಅದು ಹೊರಟುಹೋಗುವಾಗ ನಾವು ಅದಕ್ಕೆ ಶೀತ ಎಂದು ಹೆಸರಿಡುತ್ತೇವೆ. ಫ್ರಿಜ್ಜಿನ ಕೊಳವೆಯಲ್ಲಿಯೂ ಅಂಥದೇ ಒಂದು ದ್ರವ. ಒಳಗೆ ಅದು ಆವಿಯಾಗುತ್ತದೆ, ಆಗ ಹಾಲಿನ, ಹಣ್ಣಿನ ಬಿಸಿಯನ್ನು ಹೊತ್ತುಕೊಳ್ಳುತ್ತದೆ. ಮೋಟಾರು ಅದನ್ನು ಒತ್ತಿ ಹಿಂಬದಿಗೆ ಅಟ್ಟುತ್ತದೆ. ಅಲ್ಲಿ ಅದು ಹೊತ್ತ ಬಿಸಿಯನ್ನೆಲ್ಲ ಮನೆಯ ಗಾಳಿಗೆ ಕೊಟ್ಟು, ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಇದನ್ನು ನನಗೆ ಬಂದ ಕನ್ನಡದಲ್ಲಿ ಅತ್ತೆಗೆ ಹೇಳಿದೆ.

ಅವರು ಎದ್ದು ಫ್ರಿಜ್ಜಿನ ಹಿಂದೆ ಹೋಗಿ, ಕಪ್ಪು ಜಾಲರಿಯ ಹತ್ತಿರ ಅಂಗೈ ಹಿಡಿದರು. ಮುಟ್ಟಲಿಲ್ಲ.

"ಇದರ ಬೆನ್ನಾಗ ಒಲಿ ಅದ."

"ಹೂಂ. ಒಳಗಿನ ಬಿಸಿ ಅಲ್ಲಿ ಬರ್ತದ."

"ಅಂದ್ರ ಇದು ಥಂಡಿ ಮಾಡೂದಿಲ್ಲ. ಬಿಸೀನ್ನ ಒಂದು ಮನಿಯಿಂದ ಇನ್ನೊಂದು ಮನಿಗೆ ಕಳಸ್ತದ, ಹೆಣ್ಣು ಕೊಟ್ಹಂಗ." ಆಮೇಲೆ ಸ್ವಲ್ಪ ಯೋಚಿಸಿ, "ನಮ್ಮ ಹರವೀನೂ ಇದನ್ನ ಮಾಡ್ತದ. ಆದ್ರ ಅದು ಗದ್ದಲಾ ಮಾಡೂದಿಲ್ಲ," ಎಂದರು.

ಕಮಲಾಪುರದಲ್ಲಿ ನಮ್ಮ ಭಾವನವರ ಮನೆಯ ಹಿತ್ತಲ ಬಾಗಿಲಿನಲ್ಲಿ, ಒದ್ದೆ ಉಸುಕಿನ ಮೇಲೆ, ಮೈಗೆ ಹಸಿ ಬಟ್ಟೆ ಸುತ್ತಿಕೊಂಡು ಕೂತಿರುತ್ತಿದ್ದ ಮಣ್ಣಿನ ಹರವಿ ಅದು. ಅತ್ತೆ ಬಿಟ್ಟರೆ ಇನ್ನೊಬ್ಬರು ಅದನ್ನು ಮುಟ್ಟುವ ಹಾಗಿರಲಿಲ್ಲ. ಹರವಿ ಬೆವರುತ್ತದೆ, ಬೆವರು ಆರುವಾಗ ಒಳಗಿನ ಬಿಸಿ ಹೋಗುತ್ತದೆ. ಸಿಸ್ಟರ್ ಹೇಳಿದ ಪಾಠವೇ. ಇಡೀ ಮನೆತನದಲ್ಲಿ ನನ್ನ ಆ ಪಾಠ ಅರ್ಥಮಾಡಿಕೊಂಡವರು ಅತ್ತೆ ಒಬ್ಬರೇ. ಅರ್ಥವಾದ ಮೇಲೂ ಫ್ರಿಜ್ಜಿನ ನೀರು ಕುಡಿಯಲಿಲ್ಲ ಅನ್ನುವುದು ಬೇರೆ ಮಾತು.

ಆಮೇಲೆ ತೊಂಬತ್ತರ ದಶಕ ಶುರುವಾಯಿತು. ಒಂದು ಮಾಗಿಯಲ್ಲಿ ಅತ್ತೆಯ ಎಡಗೆನ್ನೆಯ ಒಳಗೆ ಹುಣ್ಣಾಯಿತು. ಸಣ್ಣಂದಿನಿಂದ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ಹಲ್ಲಿಗೆ ಉಜ್ಜಿದ ಬಾಯಿ. ಆ ಸೀಮೆಯ ಹೆಂಗಸರಲ್ಲಿ ಅದೇನು ವಿಶೇಷವಲ್ಲ. ಹುಣ್ಣು ಮಾಯಲಿಲ್ಲ. ಸೊಲ್ಲಾಪುರಕ್ಕೆ ಕರೆದೊಯ್ದೆವು. ಕ್ಯಾನ್ಸರ್ ಎಂದರು. ರೇಡಿಯೇಶನ್ ಕೊಟ್ಟರು. ನಮ್ಮ ಜನ ಅದಕ್ಕೆ ಕರೆಂಟ್ ಕೊಡುವುದು ಎನ್ನುತ್ತಾರೆ. ಅತ್ತೆ ಅಲ್ಲಿಯೂ ಮಡಿ ಬಿಡಲಿಲ್ಲ. ನಾನು ಬಾವಿಯಿಂದ ಸೇದಿ ತಾಮ್ರದ ತಂಬಿಗೆಯಲ್ಲಿ ತಂದ ನೀರನ್ನೇ ಕುಡಿದರು. ಏಕಾದಶಿಯ ದಿನ ಗುಳಿಗೆ ನುಂಗಲಿಕ್ಕೂ ಒಪ್ಪಲಿಲ್ಲ. ಅವರ ಏಕಾದಶಿ ಎಂದರೆ ಊಟವೂ ಇಲ್ಲ, ನೀರೂ ಇಲ್ಲ. ಮರುದಿನ ದ್ವಾದಶಿಯ ಬೆಳಗ್ಗೆ ಪಾರಣೆಯಾಗುವವರೆಗೆ ಬಾಯಿಗೆ ಒಂದು ಹನಿ ಹೋಗುವಂತಿಲ್ಲ.

ಡಾಕ್ಟರು ತಮ್ಮ ಕೆಲಸ ಮುಗಿಯಿತು ಎಂದು ನಮ್ಮನ್ನು ಕಳಿಸಿದಾಗ ಚೈತ್ರದ ಬಿಸಿಲು. ಅತ್ತೆಯನ್ನು ಜೇವರ್ಗಿ ಕಾಲೋನಿಯ ನಮ್ಮ ಮನೆಗೇ ತಂದೆವು. ಅವರ ಬಾಯಿ ಒಳಗೆಲ್ಲ ಸುಲಿದು ಹೋಗಿತ್ತು. ಹಾಲು ಹಾಕಿದರೆ ಖಾರ, ಗಂಜಿ ಹಾಕಿದರೆ ಖಾರ, ತಮ್ಮ ಉಗುಳೇ ಅವರಿಗೆ ಖಾರ. ಗೋಡೆಗೆ ಮುಖ ಮಾಡಿ, ಬಾಯಿಯನ್ನು ಸ್ವಲ್ಪ ತೆರೆದು, ಗಾಳಿ ಆಡಲಿ ಎಂದು ಮಲಗಿರುತ್ತಿದ್ದರು. ಆ ಮುದುಕಿ ಅತ್ತದ್ದನ್ನು ನಾನು ನೋಡಿರಲಿಲ್ಲ. ಆಗಲೂ ಅಳಲಿಲ್ಲ. ಗಂಟಲಿನಿಂದ ಒಂದು ಸಣ್ಣ ದನಿ ಬರುತ್ತಿತ್ತು, ಅಷ್ಟೇ. ಮೋಟಾರು ಓಡುವಂಥ ದನಿ.

ಡಾಕ್ಟರು ಒಂದೇ ಒಂದು ಉಪಾಯ ಹೇಳಿದ್ದರು. "ಬಾಯಾಗ ಬರ್ಫಿನ ತುಣುಕು ಇಟ್ಕೊಳ್ಳಿ. ಕರಗಲಿ, ಮತ್ತೊಂದು ಇಡ್ರಿ. ಬೇರೆ ಯಾವುದರಿಂದಲೂ ಇಷ್ಟು ಆರಾಮ ಸಿಗೂದಿಲ್ಲ."

ಹೇಳಲಿಕ್ಕೆ ನಾಚಿಕೆಯಾಗುತ್ತದೆ, ನನಗೆ ಒಳಗೊಳಗೇ ಒಂದು ಹೆಮ್ಮೆಯಾಗಿತ್ತು. ಬರ್ಫ್! ನನ್ನ ಫ್ರಿಜ್ ಇದೆಯಲ್ಲ! ಅಲ್ಯೂಮಿನಿಯಂ ಟ್ರೇಯಿಂದ ಎರಡು ಕ್ಯೂಬ್ ಕಿತ್ತು, ಬಟ್ಟಲಲ್ಲಿ ಹಾಕಿಕೊಂಡು ಓಡಿಬಂದೆ. ಅತ್ತೆ ಬಟ್ಟಲಿನ ಸಪ್ಪಳ ಕೇಳಿ ತಿರುಗಿದರು, ನೋಡಿದರು, ಮತ್ತೆ ಗೋಡೆಗೆ ಮುಖ ಮಾಡಿದರು.

"ಬ್ಯಾಡ."

"ಅತ್ಯಾ, ಇದು ಔಷಧ."

"ಬ್ಯಾಡಂದೆ."

ನಮ್ಮವರಿಗೆ ಸಿಟ್ಟು ಬಂತು. "ಆ ಕರೆಂಟಿನ ಮಶೀನಿನ ಕೆಳಗ ಮಲಗಿದ್ದೀ. ಅಲ್ಲಿ ಯಾವ ಮಡಿ ಇತ್ತು ಅವ್ವಾ?"

"ಅದು ಹೊರಗಿಂದು. ಸ್ನಾನಾ ಮಾಡಿದೆ, ಹೋತು." ಮಾತಾಡುವುದೇ ಅವರಿಗೆ ನೋವು. ಒಂದೊಂದೇ ಶಬ್ದ ಇಟ್ಟರು. "ಇದು ಒಳಗ ಹೋಗ್ತದ. ಒಳಗ ಹ್ಯಾಂಗ ತೊಳೀಲಿ?"

ಪಕ್ಕದ ಮನೆಯಾಕೆ ದಾಲ್‌ಮಿಲ್ಲಿನವರ ಹೆಂಡತಿ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಬಾಯಿ ಜೋರು, ಮನಸ್ಸು ಬೆಣ್ಣೆ. ಕಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ ಎಲ್ಲ ಕೇಳಿಸಿಕೊಂಡಳು.

"ನಿಮ್ಮ ಅತ್ತ್ಯಾರಿಗೆ ನಮ್ಮನಿ ನೀರು ನಡ್ಯಂಗಿಲ್ಲ, ಅದು ನಂಗ ಗೊತ್ತದ ಬಿಡ್ರಿ. ಈಗ ಬರ್ಫಿಗೂ ಜಾತಿ ಬಂತಾ?"

"ನಾನೇನು ಮಾಡ್ಲಿ ಅಕ್ಕಾ?"

"ಏನ್ ಮಾಡ್ಲಿ ಅಂದ್ರ? ಬೆಳ್ಳಿ ಬಟ್ಟಲದಾಗ ಹಾಕ್ಕೊಂಡು, ತೊಯ್ದ ಸೀರಿ ಉಟ್ಕೊಂಡು, ಮಡೀಲೆ ಮಾಡೀನಿ ಅನ್ರಿ. ಮುದುಕಿ ಬಾಯಿ ತಂಪಾಗ್ಲಿ. ದೇವ್ರು ಬಂದು ಕೇಳ್ತಾನೇನು?"

ಇದನ್ನೇ ನಮ್ಮವರೂ ಹೇಳಿದರು. ನಾನು ಅದಕ್ಕೆ ಸಿದ್ಧಳಾಗಿಯೂ ಇದ್ದೆ, ನಿಜ. ಆದರೆ ಆ ಸಂಜೆ ಅತ್ತೆ ನನ್ನನ್ನು ಹತ್ತಿರ ಕರೆದರು. ಅವರಿಗೆ ಗೋಡೆಯಾಚೆಯ ಮಾತು ಕೇಳಿಸಿತ್ತೋ ಏನೋ.

"ಏ ಕಾನ್ವೆಂಟಿನಾಕೀ. ಮಡೀಲೆ ಬರ್ಫ್ ಮಾಡ್ಲಿಕ್ಕೆ ಬರ್ತದೇನು?"

"ಬರ್ತದ ಅತ್ಯಾ."

"ನೀ ಮಾಡಿ ತಂದ್ರ ತೊಗೋತೀನಿ. ನೀ ತಂದ್ರ ಕೇಳೂದಿಲ್ಲ. ನಿನಗ ಇಂಗ್ಲಿಷ್ ಬರ್ತದ, ಸುಳ್ಳು ಬರೂದಿಲ್ಲ."

ಅಷ್ಟು ಹೇಳಿ ನನ್ನ ಕೈಗಳನ್ನು ಕಟ್ಟಿಹಾಕಿಬಿಟ್ಟರು. ಮೂವತ್ತು ವರ್ಷ ಕಳೆದವು. ಅವರು ಹಾಗೆ ಅಂದದ್ದು ನನ್ನ ಮೇಲಿನ ವಿಶ್ವಾಸದಿಂದಲೋ, ಬುದ್ಧಿವಂತಿಕೆಯಿಂದಲೋ ನನಗೆ ಗೊತ್ತಾಗಿಲ್ಲ.

ಮಡಿಯ ಬರ್ಫ್ ಹೇಗಿರಬೇಕೆಂದು ಹಾಸಿಗೆಯಿಂದಲೇ ಅತ್ತೆ ಹೇಳಿದರು. ಫ್ರಿಜ್ ಪೂರ್ತಿ ಖಾಲಿಯಾಗಬೇಕು. ನಿಂಬೆಹಣ್ಣೂ ಇರಬಾರದು. ಒಳಗೆಲ್ಲ ಬಾವಿಯ ನೀರಿನಿಂದ ತೊಳೆಯಬೇಕು. ಮೇಲಿನ ಐಸ್ ಬಾಕ್ಸಿನ ಗೋಡೆಗೆ ಹೆಪ್ಪುಗಟ್ಟಿದ ಹಿಮವಿತ್ತಲ್ಲ, ಅದು ಹಳೆಯ ನೀರು, ಯಾವ ಯಾವುದರ ಆವಿಯೋ. ಅದು ಒಂದು ಚೂರೂ ಉಳಿಯಬಾರದು. ಆಮೇಲೆ ನಾನು ತಲೆಯ ಮೇಲೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ, ಓಣಿಯ ತುದಿಯ ಹನುಮಂತದೇವರ ಗುಡಿಯ ಬಾವಿಯಿಂದ ನೀರು ತಂದು ಬೆಳ್ಳಿ ಬಟ್ಟಲಿಗೆ ಹಾಕಿ, ಮೇಲೆ ಒಂದು ದರ್ಭೆಯ ಎಸಳಿಟ್ಟು, ಒಳಗೆ ಇಡಬೇಕು. ಬರ್ಫ್ ಆಗುವ ತನಕ ಫ್ರಿಜ್ಜನ್ನು ನಾನು ಬಿಟ್ಟು ಯಾರೂ ಮುಟ್ಟಬಾರದು. ಮುಟ್ಟಿದರೆ ಮತ್ತೆ ಮೊದಲಿನಿಂದ.

ನನಗೆ ಇದು ಸುಲಭ ಅನ್ನಿಸಿತು. ಬೆಳ್ಳಿ ಗುಡ್ ಕಂಡಕ್ಟರ್, ಬೇಗ ಗಟ್ಟಿಯಾಗುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ನಿಯಮಗಳಲ್ಲಿ ಒಂದೊಂದೂ ಫ್ರಿಜ್ಜಿನ ಕತ್ತು ಹಿಸುಕುವಂಥದು ಎನ್ನುವುದು ಮೊದಲ ದಿನವೇ ಗೊತ್ತಾಯಿತು. ಆ ಹಿಮವೆಲ್ಲ ಕರಗಬೇಕೆಂದರೆ ಸ್ವಿಚ್ ಆಫ್ ಮಾಡಿ ಬಾಗಿಲು ತೆರೆದಿಡಬೇಕು. ಬಾಗಿಲು ತೆರೆದರೆ ನಮ್ಮೂರಿನ ಬೇಸಿಗೆಯೇ ಒಳಗೆ ಹೋಗಿ ಕೂರುತ್ತದೆ. ಬಾವಿಯ ನೀರಿನಿಂದ ತೊಳೆದರೆ ಆ ನೀರಿನ ಬಿಸಿಯೂ ಗೋಡೆಗೆ ಹತ್ತುತ್ತದೆ. ಅಷ್ಟನ್ನೂ ಹೊರಗೆ ಹಾಕಿದ ಮೇಲೆ ಬಡಪಾಯಿ ಮೋಟಾರು ಬಟ್ಟಲಿನ ಕಡೆ ತಿರುಗಬೇಕು. ತಣ್ಣೀರಾಗುವವರೆಗೆ ಒಂದು ದುಡಿಮೆ, ತಣ್ಣೀರು ಗಡ್ಡೆಯಾಗಲಿಕ್ಕೆ ಅದಕ್ಕಿಂತ ದೊಡ್ಡ ಇನ್ನೊಂದು ದುಡಿಮೆ. ಲೇಟೆಂಟ್ ಹೀಟ್ ಎಂದು ಸಿಸ್ಟರ್ ಬೋರ್ಡಿನ ಮೇಲೆ ಬರೆದದ್ದು ಇದೇ. ಬಿಸಿ ಹೋಗುತ್ತಲೇ ಇರುತ್ತದೆ, ಆದರೆ ಥರ್ಮಾಮೀಟರಿನಲ್ಲಿ ಏನೂ ಕಾಣುವುದಿಲ್ಲ. ಈ ಎಲ್ಲದರ ನಡುವೆ ಕರೆಂಟು. ಬೇಸಿಗೆಯಲ್ಲಿ ನಮ್ಮ ಕಾಲೋನಿಯಲ್ಲಿ ಅದು ಬಂದರೆ ಬಂತು, ಹೋದರೆ ಹೋಯಿತು.

ಮೊದಲ ಬಟ್ಟಲು ಅಂಚಿನಲ್ಲಿ ಮಾತ್ರ ಗಾಜಿನಂತೆ ಕಟ್ಟಿತ್ತು, ಕರೆಂಟು ಹೋಯಿತು. ಎರಡನೆಯದಕ್ಕೆ ಅತ್ತೆಯೇ ಕಾರಣ. "ಆತೇನು, ತೆಗದು ನೋಡು," ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದರು. ನೋಡುವುದಿಲ್ಲ ಎಂದರೆ ಆ ಕಣ್ಣು ನೋಡಲಿಕ್ಕಾಗುತ್ತಿರಲಿಲ್ಲ. ತೆಗೆದು ತೆಗೆದು ನೋಡಿ ನಾನೇ ಒಳಗಿನ ತಂಪನ್ನು ಹೊರಗೆ ಚೆಲ್ಲಿದೆ. ಮೂರನೆಯ ಸಲ ಚೆನ್ನಾಗಿ ಕಟ್ಟುತ್ತಿತ್ತು. ಮಧ್ಯಾಹ್ನ ಆಫೀಸಿನಿಂದ ಬೆವರುತ್ತ ಬಂದ ನಮ್ಮವರು, ಚಪ್ಪಲಿ ಬಿಟ್ಟವರೇ, ಇಷ್ಟು ವರ್ಷದ ರೂಢಿಯಂತೆ ನೀರಿನ ಬಾಟಲಿಗೆಂದು ಫ್ರಿಜ್ಜಿನ ಬಾಗಿಲು ಎಳೆದರು.

"ರೀ!" ಎಂದು ನಾನು ಕಿರುಚಿದೆ.

ಅವರು ಕೈ ಸುಟ್ಟವರಂತೆ ಹಿಂದೆ ಸರಿದರು. "ಬರೇ ಬಾಗಿಲಾ ಮುಟ್ಟೀನಿ. ಬಟ್ಟಲಾ ಮುಟ್ಟಿಲ್ಲ."

ಒಳಗಿನಿಂದ ಅತ್ತೆಯ ದನಿ ಬಂತು. "ಆಫೀಸಿನ ಅಂಗಿ ಅರಿವಿ ಮ್ಯಾಲ ಮುಟ್ಟಿದೇನೋ?"

ನಮ್ಮವರು ನನ್ನ ಮುಖ ನೋಡಿದರು. ಇಲ್ಲ ಎನ್ನು ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಅವರು ತಾಯಿಗೆ ಎಂದಾದರೂ ಸುಳ್ಳು ಹೇಳಿದ್ದರೆ ಅದು ನಿಂಬೆಹಣ್ಣಿನದು ಒಂದೇ. ಆ ಹೊತ್ತಿನಲ್ಲಿ ಅದೂ ಆಗಲಿಲ್ಲ. "ಹೂಂ ಅವ್ವಾ," ಎಂದು ಅಲ್ಲೇ ಕುರ್ಚಿಯ ಮೇಲೆ ಕೂತು, ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡರು. ಅದು ಬರೇ ಬೆವರು ಇರಲಿಕ್ಕಿಲ್ಲ. ಅರ್ಧ ಕಟ್ಟಿದ ಬರ್ಫನ್ನು ನಾನು ತುಳಸಿಕಟ್ಟೆಗೆ ಸುರಿದೆ. ಸ್ವಿಚ್ ಆಫ್ ಮಾಡಿದೆ, ಬಾಗಿಲು ತೆರೆದಿಟ್ಟೆ, ಬಾವಿಗೆ ಹೋದೆ.

ಹೀಗೆಯೇ ದಿನಗಳು ಹೋದವು. ನನ್ನ ಸೀರೆ ಮೈಮೇಲೆಯೇ ಒದ್ದೆಯಾಗಿ ಮೈಮೇಲೆಯೇ ಆರುತ್ತಿತ್ತು. ನಾನೂ ಒಂದು ಹರವಿಯಾಗಿದ್ದೆ. ಮನೆಯ ಹಾಲು ಒಡೆಯುತ್ತಿತ್ತು, ಮೊಸರು ಹುಳಿಯಾಗುತ್ತಿತ್ತು, ಏಕೆಂದರೆ ಫ್ರಿಜ್ಜಿನಲ್ಲಿ ಏನನ್ನೂ ಇಡುವ ಹಾಗಿರಲಿಲ್ಲ. ಕಮಲಾಪುರದಿಂದ ಭಾವನವರು ಅತ್ತೆಯ ಹರವಿಯ ನೀರನ್ನು ತಂಬಿಗೆಯಲ್ಲಿ ತಂದುಕೊಟ್ಟರು. ಬಸ್ಸಿನಲ್ಲಿ ಬರುವಷ್ಟರಲ್ಲಿ ಅದು ಬೆಚ್ಚಗಾಗಿತ್ತು. ಇಲ್ಲಿಯೇ ಒಂದು ಹೊಸ ಹರವಿ ಕೂರಿಸಿದೆವು. ಅದರ ನೀರು ಬಾಯಾರಿಕೆಗೆ ಸಾಕು, ಆ ಉರಿಗೆ ಸಾಲದು. ನರಗಳು ಜಡವಾಗುವಷ್ಟು ಬಿಸಿಯನ್ನು ಕಸಿದುಕೊಳ್ಳುವ ಶಕ್ತಿ ಬರ್ಫಿಗೆ ಮಾತ್ರ ಇರುವುದು.

ಒಂದು ಸಂಜೆ ಕರೆಂಟು ಹೋಗಿ ಫ್ರಿಜ್ಜಿನ ಗುಂಯ್ ನಿಂತಾಗ, ಅತ್ತೆ ಕತ್ತಲಲ್ಲಿ ಅಂದರು: "ನನಗ ಅಷ್ಟು ಕರೆಂಟ್ ಕೊಟ್ಟ್ರು. ಅದರಾಗ ಸ್ವಲ್ಪ ನಿನ್ನ ಪೆಟಗೀಗೆ ಕೊಟ್ಟಿದ್ರ ಆಗ್ತಿತ್ತು." ನಕ್ಕಿದ್ದರೆ ಬಾಯಿ ಹರಿಯುತ್ತಿತ್ತು. ಮೂಗಿನಿಂದ ಒಂದು ಉಸಿರು ಬಿಟ್ಟರು. ಅದೇ ನಗು.

ಪಕ್ಕದ ಮನೆಯಾಕೆ ದಿನಾ ಗೋಡೆಯ ಹತ್ತಿರ ಬಂದು ನನ್ನ ಮುಖ ನೋಡುತ್ತಿದ್ದಳು. ಒಂದು ದಿನ ತಾನೇ ಸ್ಟೀಲಿನ ಡಬ್ಬಿಯ ತುಂಬ ಬರ್ಫ್ ತಂದು ಗೋಡೆಯ ಮೇಲಿಟ್ಟಳು. "ಇಲ್ಲೇ ಇರ್ತದ. ತೊಗೊಂಡ್ರ ತೊಗೊಳ್ರಿ, ಇಲ್ಲಾಂದ್ರ ಇಲ್ಲ. ನಾ ನೋಡಂಗಿಲ್ಲ," ಎಂದು ಬೆನ್ನು ತಿರುಗಿಸಿ ಒಳಗೆ ಹೋದಳು. ನಾನು ಅಡುಗೆಮನೆಯ ಕಿಟಕಿಯಿಂದ ಆ ಡಬ್ಬಿಯನ್ನೇ ನೋಡುತ್ತ ನಿಂತೆ. ಅದರ ಹೊರಮೈಗೆ ಬೆವರು ಬಂತು, ಹನಿ ಇಳಿಯಿತು, ಗೋಡೆಯ ಸುಣ್ಣದ ಮೇಲೆ ಒಂದು ಗೆರೆಯಾಯಿತು. ಗೆರೆ ಆರಿತು. ಸಂಜೆಗೆ ಆಕೆ ಬಂದು ಡಬ್ಬಿಯ ನೀರನ್ನು ತನ್ನ ದಾಸವಾಳದ ಬುಡಕ್ಕೆ ಸುರಿದುಕೊಂಡು ಹೋದಳು.

ಕೊನೆಗೆ ಯಾರೋ ಮಂತ್ರಿ ಊರಿಗೆ ಬಂದರು. ಮಂತ್ರಿ ಬಂದರೆ ಕರೆಂಟು ಹೋಗುವುದಿಲ್ಲ. ಸಂಜೆ ನಾನು ಎಲ್ಲ ತೊಳೆದು, ಬಟ್ಟಲಿಟ್ಟು, ಫ್ರಿಜ್ಜಿನ ಮುಂದೆ ಒಂದು ಮಣೆ ಅಡ್ಡ ಇಟ್ಟೆ, ನಮ್ಮವರ ಕೈಗೆ ಅಡ್ಡವಾಗಿ. ಬೆಳಗಾಗುವವರೆಗೆ ಮೋಟಾರು ಓಡಿತು. ಸ್ನಾನ ಮಾಡಿ, ಒದ್ದೆ ಕೈಯಿಂದ ಬಾಗಿಲು ತೆಗೆದೆ. ಬೆಳ್ಳಿ ಬಟ್ಟಲು ಬಿಳಿಯ ಹಿಮದ ಪುಡಿ ಬಳಿದುಕೊಂಡು ಕೂತಿತ್ತು. ಬರ್ಫ್ ನಡುವೆ ಸ್ವಲ್ಪ ಉಬ್ಬಿ, ಕೂದಲೆಳೆಯಷ್ಟು ಸೀಳಿತ್ತು. ಅದರ ಮೈಯೊಳಗೆ ದರ್ಭೆಯ ಎಸಳು ಹಸಿರಾಗಿ, ನೆಟ್ಟಗೆ, ಸಿಕ್ಕಿಕೊಂಡಿತ್ತು. ಅಷ್ಟು ಚೆಂದದ್ದನ್ನು ನಾನು ಆ ಮನೆಯಲ್ಲಿ ಬೇರೆ ನೋಡಿಲ್ಲ.

"ಅತ್ಯಾ! ಆತು! ಮಡೀಲೆ ಆತು! ನಾ ಬಿಟ್ಟು ಯಾರೂ ಮುಟ್ಟಿಲ್ಲ!"

ಅತ್ತೆ ಕಣ್ಣು ತೆರೆದರು. ನಾನು ಬಟ್ಟಲನ್ನು ಅವರ ಕಣ್ಣ ಮುಂದೆ ಹಿಡಿದೆ. ಅವರು ಬಹಳ ಹೊತ್ತು ನೋಡಿದರು. ಒಂದು ಬೆರಳು ಚಾಚಿ ಬರ್ಫಿನ ಮೇಲಿಟ್ಟು ತೆಗೆದರು. ಆ ಬೆರಳನ್ನೂ ನೋಡಿದರು.

"ಇವತ್ತ ಏಕಾದಶಿ," ಎಂದರು.

ಬಟ್ಟಲು ಹಿಡಿದೇ ನಾನು ಹಾಸಿಗೆಯ ಪಕ್ಕದಲ್ಲಿ ಕೂತುಬಿಟ್ಟೆ. ಕರೆಂಟು, ಬಾವಿ, ಬಟ್ಟಲು ಎನ್ನುತ್ತ ತಿಥಿಯೇ ತಪ್ಪಿಹೋಗಿತ್ತು. ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ರೋಗಿಗೆ ದೋಷವಿಲ್ಲ ಎಂದೆ. ಔಷಧಕ್ಕೆ ಏಕಾದಶಿಯಿಲ್ಲ ಎಂದೆ. ಕಡೆಗೆ ಕಾನ್ವೆಂಟಿನ ಬುದ್ಧಿಯನ್ನೂ ಓಡಿಸಿದೆ.

"ಅತ್ಯಾ, ಇದು ನೀರಲ್ಲ. ಸಾಲಿಡ್. ಕಲ್ಲಿದ್ಹಂಗ. ನೀರು ಕುಡೀಬಾರದು ಅಂತದ, ಬರ್ಫ್ ಬಾಯಾಗ ಇಟ್ಕೋಬಾರದು ಅಂತ ಎಲ್ಲದ?"

"ಬಾಯಾಗ ಹೋದ ಮ್ಯಾಲ ಏನಾಗ್ತದ?"

ನಾನು ಬಟ್ಟಲನ್ನು ಇನ್ನಷ್ಟು ಹತ್ತಿರ ಹಿಡಿದೆ.

"ಹೇಳು. ನೀನ ಹೇಳಿದ್ದಿ ಒಮ್ಮೆ. ಬಿಸಿ ಹತ್ತಿದ್ರ ಏನಾಗ್ತದ?"

"ನೀರು."

"ಮತ್ತ?"

ನಮ್ಮವರು ಬಾಗಿಲಿನಲ್ಲಿ ನಿಂತಿದ್ದರು. "ಅವ್ವಾ, ನಿನ್ನ ಕಾಲು ಬೀಳ್ತೀನಿ," ಎಂದರು. ಅತ್ತೆ ಮಗನ ಕಡೆ ನೋಡಲಿಲ್ಲ. ನನ್ನ ಕೈಯಿಂದ ಬಟ್ಟಲನ್ನು ತೆಗೆದುಕೊಂಡು, ತಮ್ಮ ಎಡಗೆನ್ನೆಗೆ, ಹೊರಗಿನಿಂದ, ಒತ್ತಿಕೊಂಡರು. ಹೊರಗಿನದಕ್ಕೆ ದೋಷವಿಲ್ಲ. ಕಣ್ಣು ಮುಚ್ಚಿದರು. ಗಂಟಲಿನ ಆ ದನಿ ನಿಂತಿತು. ಬೆಳ್ಳಿಯ ಮೈಯಿಂದ ನೀರಿಳಿದು ಅವರ ಕುತ್ತಿಗೆಯ ಸುಕ್ಕುಗಳಲ್ಲಿ ಹರಿಯಿತು. ತುಟಿಯ ಕಡೆ ಬಂದ ಹನಿಯನ್ನು ಅವರು ಸೆರಗಿನಿಂದ ಒರೆಸಿಕೊಂಡರು.

ಸ್ವಲ್ಪ ಹೊತ್ತಿಗೆ ಬಟ್ಟಲನ್ನು ಮರಳಿ ಕೊಟ್ಟರು. "ಒಳಗ ಇಡು. ಕರಗೀತು. ನಾಳೆ ಪಾರಣಿಗೆ ಇದನ್ನ ಕೊಡು, ಮೊದಲ ಇದನ್ನ."

ಇಟ್ಟೆ. ಮಂತ್ರಿ ಹನ್ನೊಂದು ಗಂಟೆಗೆ ಬೀದರಿನ ಕಡೆ ಹೋದರಂತೆ. ಹನ್ನೆರಡಕ್ಕೆ ಕರೆಂಟು ಹೋಯಿತು. ಬಾಗಿಲು ತೆರೆಯಲಿಲ್ಲ ನಾನು, ಯಾರನ್ನೂ ಹತ್ತಿರ ಬಿಡಲಿಲ್ಲ. ಫ್ರಿಜ್ಜಿಗೆ ರಜಾಯಿ ಹೊದಿಸಿದೆ. ಪಕ್ಕದ ಮನೆಯಾಕೆ ಅದನ್ನು ನೋಡಿ ನಗಲಿಲ್ಲ. ತಾನೂ ಒಂದು ಕಂಬಳಿ ತಂದಳು, ಬಾಗಿಲಿನಲ್ಲೇ ನಿಂತಳು. "ನನ್ನ ಕಂಬಳಿ ಉಣ್ಣೀದು. ಉಣ್ಣಿಗೆ ಮೈಲಿಗಿ ಇಲ್ಲ ಅಂತಾರಲ್ಲ ನಿಮ್ಮಾಗ, ಹೌದಲ್ರಿ?" ಎಂದಳು. ಹೌದು ಎಂದು ತೆಗೆದುಕೊಂಡೆ. ಹೊರಗಿನ ಬಿಸಿ ಒಳಗೆ ಹೋಗದಿರಲಿ ಎಂದು ನಾವಿಬ್ಬರೂ ಒಂದು ಸತ್ತ ಮೋಟಾರಿಗೆ ಹೊದಿಕೆ ಹೊದಿಸಿದೆವು. ಕರೆಂಟು ಸಂಜೆಗೂ ಬರಲಿಲ್ಲ.

ದ್ವಾದಶಿಯ ಬೆಳಗ್ಗೆ ಬೇಗನೆ ಪಾರಣೆ. ಬಾಗಿಲು ತೆಗೆದೆ. ಬಟ್ಟಲಿನ ತುಂಬ ನೀರಿತ್ತು, ದರ್ಭೆ ತೇಲುತ್ತಿತ್ತು. ಬೆರಳಿಟ್ಟು ನೋಡುವ ಧೈರ್ಯವಾಗಲಿಲ್ಲ. ಅತ್ತೆಗೆ ಪೂಜೆಯ ಉದ್ಧರಣೆಯಿಂದ ಒಂದು ಸಲ ಹಾಕಿದೆ. ಅವರು ಅದನ್ನು ಬಾಯಲ್ಲಿ ಹಿಡಿದುಕೊಂಡರು. ಮುಖ ಕಿವುಚಿತು. ನುಂಗಿದರು.

"ತಣ್ಣಗದ," ಎಂದರು.

ತಣ್ಣಗಿರಲಿಲ್ಲ. ನನಗೆ ಸುಳ್ಳು ಬರುವುದಿಲ್ಲ ಎಂದವರು ಅವರು. ಅವರಿಗೆ ಬರುತ್ತಿತ್ತು.

ಆಮೇಲೆ ಬರ್ಫಿನ ಮಾತನ್ನು ಅವರು ಎತ್ತಲಿಲ್ಲ. ಕಮಲಾಪುರಕ್ಕೆ ಒಯ್ಯಿರಿ ಎಂದರು. ಬಾಡಿಗೆ ಕಾರಿನಲ್ಲಿ, ಕಿಟಕಿಗೆಲ್ಲ ಒದ್ದೆ ಟವೆಲ್ ಕಟ್ಟಿಕೊಂಡು ಒಯ್ದೆವು. ಹಿತ್ತಲ ಬಾಗಿಲಿನ ಹತ್ತಿರ, ಹರವಿ ಕಾಣುವ ಹಾಗೆ ಮಲಗಿಸಿದೆವು. ಬಟ್ಟೆಯ ತುದಿ ಅದ್ದಿ ತುಟಿಗೆ ಹಚ್ಚುವುದಷ್ಟೇ ಉಳಿದಿತ್ತು. ಮುಂದಿನ ಏಕಾದಶಿಗೆ ಅವರಿರಲಿಲ್ಲ. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿದಾಗ ಪಾದಗಳಿಂದ ಬಿಸಿ ಆಗಲೇ ಹೋಗಿತ್ತು. ಅಂಗೈಯಲ್ಲಿ ಇನ್ನೂ ಸ್ವಲ್ಪ ಇತ್ತು. ಎಲ್ಲಿಗೆ ಹೋಗುತ್ತದೆ ಅದು ಎಂದು ಸಿಸ್ಟರಿಗೆ ನಾವು ಕೇಳಲಿಲ್ಲ.

ಮೊದಲ ವರ್ಷದ ಮಾಸಿಕಗಳನ್ನು ಜೇವರ್ಗಿ ಕಾಲೋನಿಯ ಮನೆಯಲ್ಲಿಯೇ ಮಾಡಿದೆವು. ಹೋದ ಜೀವಕ್ಕೆ ದಾರಿಯಲ್ಲಿ ನೀರಡಿಕೆ ಹೆಚ್ಚು ಎಂದು, ಪ್ರತಿ ತಿಂಗಳೂ ನೀರು ತುಂಬಿದ ತಂಬಿಗೆಯ ದಾನ. ಮೊದಲ ಮಾಸಿಕಕ್ಕೆ ಇನ್ನೂ ಮಳೆ ಬಂದಿರಲಿಲ್ಲ. ಅತ್ತೆಯ ಸ್ಥಾನದಲ್ಲಿ ಕೂತು ಉಣ್ಣಲಿಕ್ಕೆ ಬಂದ ಆಚಾರ್ಯರು ವಯಸ್ಸಿನವರು, ದಪ್ಪ ಮೈ. ಬಿಸಿಲಲ್ಲಿ ಸೈಕಲ್ ತುಳಿದು ಬಂದಿದ್ದರು. ಅವರು ಉಂಡದ್ದು ಅತ್ತೆಗೆ ಮುಟ್ಟುತ್ತದೆ. ಮಡಿಯ ಅಡುಗೆ ಮಾಡಿದ್ದೆ, ಬಾವಿಯ ನೀರು ಇಟ್ಟಿದ್ದೆ. ಊಟ ಮುಗಿಯುತ್ತ ಬಂದಾಗ ಅವರು ಉತ್ತರೀಯದಿಂದ ಗಾಳಿ ಹಾಕಿಕೊಳ್ಳುತ್ತ ಪಡಸಾಲೆಯ ಮೂಲೆಗೆ ನೋಡಿದರು.

"ಫ್ರಿಜ್ ಚಾಲೂ ಅದ ಏನ್ರಿ ಬಾಯಿ?"

"ಅದ."

"ಬರ್ಫ್ ಇದ್ರ ಒಂದೆರಡು ತುಣುಕು ಹಾಕ್ರಿ ನೀರಾಗ. ಜೀವಾ ಹೊಂಟದ."

ನಾನು ನಮ್ಮವರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. "ಅದು ಮಡಿ ಅಲ್ಲ," ಎಂದೆ. ನಲ್ಲಿಯ ನೀರು, ಅಲ್ಯೂಮಿನಿಯಂ ಟ್ರೇ, ಕೆಳಗೆ ನಿನ್ನೆಯ ಹುಳಿ.

"ಇರ್ಲಿ ಬಿಡ್ರಿ, ಈಗೆಲ್ಲಾ ನಡೀತದ. ಇಷ್ಟು ಬಿಸಿಲಾಗ ಯಾರು ನೋಡ್ತಾರ?"

ಟ್ರೇ ತೆಗೆದು, ನಲ್ಲಿಯ ಕೆಳಗೆ ಹಿಡಿದು, ಬರ್ಫ್ ಬಿಡಿಸಿ ಅವರ ಲೋಟಕ್ಕೆ ಹಾಕಿದೆ. ಅವರು ಕುಡಿದರು. ತಳದಲ್ಲಿ ಉಳಿದ ತುಣುಕುಗಳನ್ನು ಬಾಯಿಗೆ ಸುರಿದುಕೊಂಡು, ಎಡಗೆನ್ನೆಯಿಂದ ಬಲಗೆನ್ನೆಗೆ ಹೊರಳಿಸಿ, ಕಟಕಟ ಎಂದು ಕಡಿದರು.

ನಮ್ಮವರು ಕೈಮುಗಿದು, ಕೇಳಬೇಕಾದ ಮಾತನ್ನು ಕೇಳಿದರು. "ತೃಪ್ತಿ ಆತೇನ್ರಿ?"

"ಆತು," ಎಂದರು ಆಚಾರ್ಯರು. "ತೃಪ್ತಿ ಆತು."

ನಾನು ಖಾಲಿ ಟ್ರೇಯನ್ನು ತೊಳೆದು ಬೋರಲು ಹಾಕಿದೆ. ಅದಕ್ಕೆ ಮತ್ತೆ ನೀರು ತುಂಬಲಿಲ್ಲ.